ಸವೆದದ್ದು

ಹುಮನಾಬಾದಿನ ಬೈಪಾಸಿಗೆ ಹತ್ತಿದ ಶೆಡ್ಡು.
ಇನಾಯತ್ ಉಸ್ತಾದ್ ನನ್ನ ಗಾಡಿಯ ಹೊಟ್ಟೆಯ ಕೆಳಗೆ
ಅಂಗಾತ ಮಲಗಿದ್ದಾರೆ, ಕಾಣುವುದು ಎರಡು ಹವಾಯಿ ಚಪ್ಪಲಿ.
ಗೇರೇ ಇಲ್ಲದ ಗಾಡಿ ಯಾಕ್ರಿ ಟೀಚರ್ ಎಂದು
ಊರೆಲ್ಲ ಕೇಳಿತ್ತು. ಅವರು ಕೇಳಲಿಲ್ಲ,
ನಾನು ಇಳಿದ ರೀತಿಯಲ್ಲೇ
ಎಡಗಾಲಿನ ಕಥೆ ಓದಿಕೊಂಡರು.

ಹದಿನೆಂಟು ಬೋಲ್ಟು. ಕೊನೆಯದಕ್ಕೆ ತಟ್ಟೆ ವಾಲಿತು.
ಹೊಸದಿದ್ದಾಗ ದಾಳಿಂಬೆ ರಸದಂಥ ಎಣ್ಣೆಯಂತೆ,
ಇಳಿದದ್ದು ಮೂರು ಸಲ ಕುದಿಸಿದ ಚಹಾ.
ತಟ್ಟೆಯ ಮೂಲೆಮೂಲೆಗೆ ನಾಲ್ಕು ಅಯಸ್ಕಾಂತ,
ಎಂಟಾಣೆಯಷ್ಟಗಲ,
ಮೈತುಂಬ ಕಪ್ಪು ನವಿರು,
ಒದ್ದೆ ಇಲಿಮರಿಯ ಬೆನ್ನಿನಂತೆ.
ಹೆದರಿದೆ.
ಒಂದನ್ನು ಕಿತ್ತು ಝರೆಪ್ಪ ನನ್ನ ಮುಂದೆ ಹಿಡಿದ.
ಹುಡುಗನಿಗಿನ್ನೂ ಮೀಸೆ ಬಂದಿಲ್ಲ,
ಅಯಸ್ಕಾಂತಕ್ಕೆ ಬಂದಿದೆ.

ಉಸ್ತಾದ್ ಎರಡು ಬೆರಳ ನಡುವೆ
ಒಂದು ಚಿಟಿಕೆ ಹೊಸಕಿದರು, ಪಲ್ಯಕ್ಕೆ ಉಪ್ಪು ಹಾಕುವವರ ಹಾಗೆ.
"ನುಣ್ಣಗದ. ಚುಚ್ಚಂಗಿಲ್ಲ.
ಚೂರು ಸಿಕ್ಕಿದ್ರ ಅಂಜಬೇಕ್ರಿ.
ಇದು ಬ್ಯಾನಿ ಅಲ್ಲ, ವಯಸ್ಸು."

ಬೀದರಿನ ಮಂಡಿ ಡಾಕ್ಟರೂ ಇದನ್ನೇ ಹೇಳಿದ್ದರು,
ಬೆಳಕಿನ ಹಲಗೆಗೆ ಫೋಟೋ ಸಿಕ್ಕಿಸಿ: ಸವೆದಿದೆ.
ಸವೆದದ್ದು ಎಲ್ಲಿಗೆ ಹೋಯಿತು ಡಾಕ್ಟರ್
ಎಂದು ಕೇಳಬೇಕೆನಿಸಿ, ಫೀಸು ಕೊಟ್ಟು ಬಂದೆ.
ಬಲಗಾಲೊಂದೇ ಹೊತ್ತ ನಲವತ್ತೊಂದು ವರ್ಷ,
ಪ್ರತಿ ಜೊತೆಯಲ್ಲೂ ಒಂದೇ ಚಪ್ಪಲಿಯ ಒಂದೇ ಅಂಚು,
ಹಲಗೆಗೆ ತಿಕ್ಕಿ ಮುಗಿಸಿದ ಚಾಕ್‌ಪೀಸಿನ ಡಬ್ಬಿಗಳು.
ಮೂಲೆಯಲ್ಲಿ ಸುಮ್ಮನೆ ಕೂತು
ಹಿಡಿದಿಟ್ಟುಕೊಂಡವರು ಯಾರೂ ಇರಲಿಲ್ಲ.

"ಎಲ್ಲಾ ಹಿಡೀತದೇನ್ರಿ ಇದು?"
"ಎಲ್ಲಿ, ಟೀಚರ್. ಬರೀ ಕಬ್ಬಿಣ.
ಹಿತ್ತಾಳಿ ಬಿಡ್ತದ, ಅಲ್ಯೂಮಿನಿಯಂ ಬಿಡ್ತದ,
ಕ್ಲಚ್ಚಿನ ಕಾಗದ ಸುಟ್ಟು ಎಣ್ಣ್ಯಾಗ ತಿರುಗ್ಕೋತ ಇರ್ತದ.
ತನ್ನವರನ್ನಷ್ಟ ಹಿಡೀತದ,
ಮನಷ್ಯಾರಂಗ."

ಒಡೆದ ಸ್ಪೀಕರಿನಿಂದ ಬಿಚ್ಚಿದ ದೊಡ್ಡದೊಂದನ್ನು
ಝರೆಪ್ಪ ತಂದ: ಇದೂ ಹಚ್ಚಿಬಿಡೋಣೇನ್ರಿ?
ಉಸ್ತಾದ್ ಅದನ್ನು ಅವನ ಕಿಸೆಗೇ ಮರಳಿಸಿದರು.
"ಜಾರಿ ಬಿತ್ತಂದ್ರ ಹಲ್ಲಿನಾಗ ಸಿಗತದ.
ಕಾಯೋನೇ ಕಸ ಆಗಬಾರ್ದು."

ಒರೆಸುವುದು ಸುಲಭವಲ್ಲ. ಬಟ್ಟೆಯಿಂದ ಎಳೆದರೆ
ನವಿರು ಇತ್ತ ಬಾಗುತ್ತದೆ, ಅತ್ತ ಸರಿದು ನಿಲ್ಲುತ್ತದೆ,
ತವರು ಬಿಟ್ಟು ಬರಲೊಲ್ಲದ ಹುಡುಗಿ.
ನಾನೂ ಒಂದನ್ನು ಒರೆಸಿದೆ, ಸ್ಟೂಲಿನ ಮೇಲೆ ಕೂತು,
ಹಳೇ ಲುಂಗಿಯ ಚೂರಿನಲ್ಲಿ.
ಅದನ್ನೇ ಅವರು ಬಲಮೂಲೆಯ ಬಳಿ ತಂದರು.
ಕೈಯಿಂದ ಹಾರಿ ಕೂತಿತು, ಟಕ್.

ಮರುದಿನ ಏಳನೇ ಕ್ಲಾಸಿಗೆ ಭಿನ್ನರಾಶಿ.
ಹೊಸ ಚಾಕ್‌ಪೀಸಿನ ಮೇಲೆ
ನನ್ನ ಹೆಬ್ಬೆರಳಿನ ಬೂದು ಗುರುತು.
ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ
ಗೇರಿನ ಹಲ್ಲು ಒಂದಿಷ್ಟು ಉಳಿದಿತ್ತು.
ಬರೆದೆ.
ಅಂಕಿ ಬೆಳ್ಳಗೇ ಬಂತು.