ಡಾಂಬರು

ಕೋಡಿಬಾಗದ ದಂಡೆಯಲ್ಲಿ ಮಗುಚಿ ಹಾಕಿದ ದೋಣಿ.
ಇನಾಸ ಮೇಸ್ತ ಹಲಗೆಯ ಸಂದಿಗೆ ಹತ್ತಿ ತುರುಕುತ್ತ
ತಲೆಯೆತ್ತದೆ ಕೂಗುತ್ತಿದ್ದ: 'ತಾರೋ!'

ನಾನು ಡಾಂಬರಿನ ಡಬ್ಬಿ ಹೊತ್ತು ಓಡುತ್ತಿದ್ದೆ.
'ಅದಲ್ಲ ಮಾರಾಯಾ, ಉಳಿ.'

ಬೈಸಿಕೊಂಡೇ ಕಲಿತದ್ದು:
ತಾರೋ ಅಂದರೆ ಬರೀ ಕೊಂಡು ಬಾ.
ಕಾಳಿ ನದಿ ದಾಟಿಸುವುದು ತಾರಿ.
ಸಾವಿನ ಸುದ್ದಿ ತರುತ್ತಿದ್ದದ್ದು ತಾರು,
ಅಂಚೆಯವ ಸೈಕಲ್ ಇಳಿದರೆ ಸಾಕು, ಹೆಂಗಸರ ಬಾಯಿಗೆ ಸೆರಗು.
ಪಿಡಬ್ಲ್ಯುಡಿಯವರ ಡ್ರಮ್ಮಿನಲ್ಲಿದ್ದದ್ದು ಟಾರು.

ಡಾಂಬರು ಬೇರೆ, ಅನ್ನುತ್ತಿದ್ದ ಮೇಸ್ತ.
ಮಲಾಯದ ಕಡೆಯಿಂದ ಹಡಗು ಹತ್ತಿದ ಮರದ ಅಂಟಂತೆ ಅದು,
ಅಲ್ಲಿ ದೀಪವಾಗಿಯೂ ಉರಿಯುತ್ತಿತ್ತಂತೆ,
ನಮ್ಮ ಘಟ್ಟದ ಧೂಪದ ಮರಕ್ಕೆ ದೂರದ ನೆಂಟ.
ಆಮೇಲೆ ಕಲ್ಲಿದ್ದಲಿನ ಕರಿಕೂಸಿಗೂ ಅದೇ ಹೆಸರಿಟ್ಟರು,
ಸತ್ತ ಅಜ್ಜನದನ್ನು ಮೊಮ್ಮಗನಿಗೆ ಇಡುವ ಹಾಗೆ.

ಸೇತುವೆ ಬಂತು. ತಾರಿ ನಿಂತಿತು.
ಸೇತುವೆಯ ಮೇಲೆ ಹಾಸಿದ್ದೂ ಡಾಂಬರೇ.
ಮೇಸ್ತ ಬಗ್ಗಿ, ಬೆರಳಲ್ಲಿ ಒತ್ತಿ, ಮೂಸಿ ಕೇಳಿದ:
'ಇಲ್ಲಿ ಯಾವ ಸಂದಿ ಮುಚ್ಚಿದರು ಇವರು?'

ಈಗಲೂ ಬಿಸಿಲಿಗೆ ರಸ್ತೆ ಕರಗಿ
ಚಪ್ಪಲಿ ಹಿಡಿದೆಳೆದರೆ
ನಿಲ್ಲುತ್ತೇನೆ, ಯಾರೋ ಕೂಗಿದ ಹಾಗಾಗಿ.
ಏನು ತರಬೇಕಿತ್ತೋ,
ಮರೆತಿದೆ.