ಡಬರಿ

ಗ್ಯಾಸು ಮುಗಿದು ಮೂರು ದಿನ.
ಬೋನಸ್ಸಿನಾಗ ತಂದ ಕರೆಂಟಿನ ಒಲಿ ಐತಿ ಖರೆ,
ಅದರ ಮ್ಯಾಲ ಜರ್ಮನ್ ಪಾತ್ರಿ ಇಟ್ಟರ
ಪೀಂ ಪೀಂ ಅಂತ ಅತ್ತು ಆರಿಹೋಗತೈತಿ.
ನನ್ನ ಪಾಲಿಗೆ ಬಂದಾವೆಲ್ಲ ಜರ್ಮನ್ನವ.

ಒಡೆದ ಸ್ಪೀಕರಿನ ಆಯಸ್ಕಾಂತ ಹಿಡಕೊಂಡು ನನ್ನ ಮಗ
ಗೋಡಿ ಹಾರಿ ಹೋದ, ಹಾರಿ ಬಂದ:
ಯವ್ವಾ, ದೊಡ್ಡವ್ವನ ಡಬರಿಗೆ ಕಚ್ಚತೈತಿ,
ಕಿತ್ತರೂ ಬರವಲ್ದು.

ಅದೇ ಡಬರಿ.
ಕಂಠದ ಸುತ್ತ ಚುಕ್ಕಿ ಚುಕ್ಕಿ ಹೊಡೆಸಿದ ಅತ್ತಿ ಹೆಸರು.
ಪಾಲಾದ ದಿನ ಒಂದು ಕಿವಿ ನಾ ಹಿಡಿದಿದ್ದೆ,
ಒಂದು ಕಿವಿ ಹುಸೇನಕ್ಕ.
ಕೈ ಜಾರಿದ್ದು ನನಗ.
ನಾನೇ ಬಿಟ್ಟೆ ಅಂತ ನಾಕು ವರ್ಷ ಹೇಳಿಕೋತ ಬಂದೀನಿ.

ಒಲಿ ನಂದು, ಡಬರಿ ಆಕಿದು.
ವಾಯರು ಎಷ್ಟು ಎಳೆದರೂ ಮುಟ್ಟೂದು ನಡುವಿನ ಕಟ್ಟಿಗೆ.
ಅಲ್ಲೇ ಕೂತ್ವಿ ಏಳು ಮಂದಿ, ಮಣಕಾಲಿಗೆ ಮಣಕಾಲು.

ನೀರಿಗೆ ಹುಣಸಿ ಕಿವುಚಿ, ಬಳ್ಳೊಳ್ಳಿ ಜಜ್ಜಿ,
ಕೆಂಪುಖಾರ ಒಂದು ಚಮಚೆ, ಆಮ್ಯಾಲ ಇನ್ನೊಂದು.
ಇತ್ತಕಡೆಯ ಅರ್ಧ ಹೀರಿಕಾಯಿ, ಬಾಡಿದ ಪುಂಡಿಪಲ್ಯ,
ಡಬ್ಬಿ ಬಡಿದರ ಬಿದ್ದಷ್ಟು ಶಾವಿಗಿ.
ಅತ್ತಕಡೆಯ ಮೂರು ತತ್ತಿ, ಆಲೂಗಡ್ಡಿ,
ಅದ್ದಿಕೊಳ್ಳಾಕ ಮುರಿದಿಟ್ಟ ಕಟಕರೊಟ್ಟಿ.
ಇದೇನು ಸಾರೋ, ಪಲ್ಯನೋ? ಭಾವನ ಪ್ರಶ್ನೆ.
ಬೇಯೂದು ಕಣ್ಣಿಗೆ ಕಾಣತೈತಿ, ತಗೊಂಡು ತಿನ್ರಿ, ಅಂದ್ಲು ನಾಗವೇಣಿ.

ಎರಡು ಸಾವಿರ ಅಡಿ ಕೆಳಗ
ಕಲ್ಲಿನ ಬಣ್ಣ ನೋಡಿ ಬಂಗಾರ ಹೇಳಾಂವ ನನ್ನ ಗಂಡ.
ಇಲ್ಲಿ ಗೇಣುದ್ದ ನೀರಾಗ ತತ್ತಿ ಸಿಗದೆ
ಸೌಟು ತಿರುವಾಕ ಹತ್ಯಾನ.
ನಾಕು ವರ್ಷ ಒಂದೇ ತೊಟ್ಟಿಲಾಗ ಗಣಿಗಿಳಿದು
ತುಟಿ ಬಿಚ್ಚದ ಅಣ್ಣ
ಅವನ ಸೌಟಿನ ತುದಿ ನೋಡಿದ, ನೋಡಿದ.
ಎಡಕ್ಕ, ಅಂದ.
ಇನ್ನೂ ಕೆಳಗ.
ಹ್ಞಾಂ. ಅಲ್ಲೇ.

ಸಿಕ್ಕಿತು. ಒಡೆದಿತ್ತು.
ಅರ್ಧ ಯಾರ ತಟ್ಟಿಗೆ ಬಿತ್ತೋ, ಹಬಿಯಾಗ ನನಗ ಕಾಣಲಿಲ್ಲ.

ರಾತ್ರಿ ಪಾಳಿಯ ಕೂಗು ಬಂತು.
ಗಂಡಸರು ಬಾಯಿ ಒರಸಿಕೋತ ಎದ್ದರು, ಟೊಪ್ಪಿಗಿ ಹುಡುಕಿದರು.
ಡಬರಿ ತಳಕ್ಕ ಶಾವಿಗಿ ಹತ್ತಿ ಕರ್ರಗಾಗಿತ್ತು.
ತಿಕ್ಕಿ ಕೊಡ್ತೀನಕ್ಕ, ಅಂದೆ.
ಇರಲಿ ಬಿಡು, ಗ್ಯಾಸು ಬರೂತನ ನಿನ್ನ ಕಡೇನ ಇರಲಿ,
ಅಂದ ಹುಸೇನಕ್ಕ
ಹೋಗುವಾಗ ಮುಚ್ಚಳ ಮಾತ್ರ
ಸೆರಗಿಲೆ ಒರೆಸಿ ತಗೊಂಡು ಹೋದ್ಲು.