ಶರಾ ಕಾಲಂ

ಏಪ್ರಿಲ್ ಏಳು. ಹತ್ತಕ್ಕೆ ಶಾಲೆಗೆ ಬಾಗಿಲು.
ಬೀಗ ತೆಗೆದರೆ ಮೊದಲು ಎದುರಾಗುವುದು ಪುಸ್ತಕವಲ್ಲ,
ಬಿಸಿಯೂಟದ ಅಕ್ಕಿಮೂಟೆ.
ಅದರ ಹಿಂದೆ ಈಟಿ, ಗುಂಡು, ಹರಿದ ವಾಲಿಬಾಲ್ ನೆಟ್ಟು,
ಅದರ ಹಿಂದೆ ನಾನು ಮತ್ತು ನನ್ನ ಐದು ಬೀರು.

ಎರಡು ಸಾವಿರದ ಮುನ್ನೂರ ಹದಿನಾಲ್ಕು,
ವಹಿಯಲ್ಲಿ.
ಬೀರುವಿನಲ್ಲಿ ಎಷ್ಟೋ, ಎಣಿಸಿದ ಮೇಲೆ ಗೊತ್ತು.
ಗೆದ್ದಲು ತಿಂದದ್ದಕ್ಕೆ ಒಂದು ಕಾಲಂ ಇದೆ,
ಮಕ್ಕಳು ಕಳೆದದ್ದಕ್ಕೆ ಒಂದು.
ಸಾಹೇಬರು ಓದಲು ಒಯ್ದು
ಹಾಗೇ ವರ್ಗವಾಗಿ ಹೋದದ್ದಕ್ಕೆ ಯಾವುದೂ ಇಲ್ಲ;
ಅದನ್ನೂ ಗೆದ್ದಲಿನ ಹೊಟ್ಟೆಗೇ ಹಾಕುತ್ತೇನೆ.

ಹೊರಗೆ ಕಿಟಕಿಯುದ್ದ ಹತ್ತನೇ ಕ್ಲಾಸು.
ಟಿ.ಸಿ.ಗೆ ಮೊದಲು ‘ಬಾಕಿ ಇಲ್ಲ’ ಚೀಟಿ,
ಚೀಟಿಗೆ ಮೊದಲು ನನ್ನ ಸಹಿ.
ವರ್ಷವಿಡೀ ಇತ್ತ ತಲೆಹಾಕದವರು ಕೂಡ
ಇವತ್ತು ನನ್ನನ್ನು ‘ಮಿಸ್, ಮಿಸ್’ ಎಂದು ಕರೆಯುತ್ತಾರೆ.
ಗಂಗುಲಪ್ಪ ತಂದದ್ದರಲ್ಲಿ ಗುರುತಿಗೆ
ಒಣಗಿದ ಹಿಪ್ಪುನೇರಳೆ ಎಲೆ.
ತಬಸ್ಸುಮ್ ತಂದದ್ದರಲ್ಲಿ ಒಂದೆಳೆ ರೇಷ್ಮೆ,
ಎಳೆದಷ್ಟೂ ಬರುತ್ತದೆ, ನಡುವಿನ ಯಾವುದೋ ಪುಟದಿಂದ.
ಶಿಡ್ಲಘಟ್ಟದಲ್ಲಿ ಇಪ್ಪತ್ತೊಂದು ವರ್ಷ ಪುಸ್ತಕ ಮೂಸಿದವಳು,
ಯಾರ ಮನೆಯಲ್ಲಿ ಹುಳು ಮೇಯುತ್ತದೆ
ಯಾರ ಮನೆಯಲ್ಲಿ ಬೇಯುತ್ತದೆ
ಹೆಸರು ನೋಡದೆ ಹೇಳುತ್ತೇನೆ.

ಮಧ್ಯಾಹ್ನ ಮೂರಕ್ಕೆ
ನಾಲ್ಕನೇ ಬೀರು ಲೆಕ್ಕಕ್ಕೆ ಕೂಡಿಬಂತು.
ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.
ನನಗೆ ಭಯವಾಯಿತು.
ಮತ್ತೆ ಎಣಿಸಿದೆ. ನೀರು ಕುಡಿದು ಮತ್ತೆ.
ಮೂರನೆಯ ಸಲ ಬೆರಳು ನಿಂತಿತು
೧೧೪೭ರ ಮೇಲೆ.

ಬೆನ್ನಿಗೆ ಕಂದು ಕಾಗದ, ಕೆಂಪು ಶಾಯಿಯ ಅಂಕಿ.
ನಾನು ಬರೆಯುವ ೭ಕ್ಕೆ ಬಾಲ ಮೋಟು.
ಇದರದು ಉದ್ದ.

ತೆರೆದರೆ ಇನ್ನೂರು ಪುಟದ ಗೆರೆ ನೋಟುಬುಕ್ಕು,
ಹೊಲಿಗೆ ರೇಷ್ಮೆಯದು.
ಹಡಗಿನ ಕಥೆ, ಹೌದು, ಅದೇ.
ಮುದ್ರಕರ ವಿಳಾಸ ಕೂಡ ಬಿಟ್ಟಿಲ್ಲ,
ಬೆಲೆ ಆರು ರೂಪಾಯಿ,
ಎಲ್ಲ ಹಕ್ಕುಗಳನ್ನೂ ಕಾದಿರಿಸಿದೆ,
ಗುಂಡಗೆ, ನೀಲಿ ಬಾಲ್‌ಪೆನ್ನಿನಲ್ಲಿ.
ಅರವತ್ತೊಂದನೇ ಪುಟದವರೆಗೆ
ಹಡಗು ಹಡಗಿನ ಹಾಗೇ ಹೋಗುತ್ತದೆ.
ಅರವತ್ತೆರಡರಲ್ಲಿ ಕ್ಯಾಪ್ಟನ್ನು ಇಳಿಯುವುದು
ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ,
ಚಿಲ್ಲರೆಗೆ ಕಂಡಕ್ಟರ್ ಜೊತೆ ಜಗಳ.
ಸಮುದ್ರ ಮಾತ್ರ ಬೆನ್ನು ಬಿಟ್ಟಿಲ್ಲ,
ಕೊತಕೊತ ಕುದಿಯುತ್ತಿದೆ,
ಮೇಲೆ ಬೆಳ್ಳಗೆ ತೇಲುತ್ತಿವೆ ಗೂಡುಗಳು.

ಕಾರ್ಡು ಹುಡುಕಿದೆ. ಕೊನೆಯ ಹೆಸರು ಮುಬೀನಾ, ಎಂಟು ಬಿ.
ಎರಡು ವರ್ಷದ ಹಿಂದಿನ ತಾರೀಖು.
ಸಾಲಿನಲ್ಲಿ ಆರನೆಯವಳು ಅವಳೇ,
ಬೆರಳ ತುದಿ ಬಿಸಿನೀರಿಗೆ ಸುಕ್ಕಾಗಿ
ಅಜ್ಜಿಯ ಬೆರಳಿನಂತೆ.
ಪುಸ್ತಕ ಎತ್ತಿ ತೋರಿಸಿದೆ, ಏನೂ ಕೇಳಲಿಲ್ಲ.
“ಒಲೆ ಮೇಲಿನ ನೀರಿಗೆ ಬಿತ್ತು ಮಿಸ್.
ಮೇಲಿನರ್ಧ ಸಿಕ್ತು, ಒಣಗಿಸಿ ನೋಡ್ಕೊಂಡು ಬರೆದೆ.
ಮಿಕ್ಕಿದ್ದು ನಂದೇ.”
ಆಮೇಲೆ, ಚೀಟಿ ಮಡಿಸುತ್ತ,
“ನಿಜವಾದ್ರಲ್ಲಿ ಕೊನೆಗೆ ಏನಾಗ್ತದೆ ಮಿಸ್?”

ನನಗೆ ಗೊತ್ತಿರಲಿಲ್ಲ.
ಇಪ್ಪತ್ತೊಂದು ವರ್ಷ
ನಾನು ಅದರ ಬೆನ್ನನ್ನಷ್ಟೇ ಓದಿದವಳು.

“ಚಿಂತಾಮಣಿಗೇ ಬರ್ತಾನೆ,” ಅಂದೆ.
ಸಹಿ ಹಾಕಿದೆ. ಮುಂದಿನವನು ಬಂದ.

ಸಂಜೆ ಅಕ್ಕಿಮೂಟೆಗೆ ಒರಗಿ ವಹಿ ತೆಗೆದೆ.
ಸ್ಥಿತಿ: ಇದೆ.
ಬೆಲೆ: ಆರು ರೂಪಾಯಿ, ಹಾಗೇ ಬಿಟ್ಟೆ.
ಶರಾ ಕಾಲಮ್ಮಿನ ಮುಂದೆ ಪೆನ್ನು ಸ್ವಲ್ಪ ಹೊತ್ತು ನಿಂತು
ಬರೆಯಿತು: ಮರುಮುದ್ರಣ.
ಆಡಿಟ್ಟಿನವರು ಕೇಳಿದರೆ ನೋಡೋಣ.

ಮುಂದೆ ೧೧೪೮.
ಬೆನ್ನು ಕಿತ್ತಿದೆ. ಗೋಂದು ಒಣಗಿದೆ.